ಜೋಡಿ ಕತ್ತಿಯಲ್ಲಿ ಕತ್ತರಿ ತಡೆಯ ಅಪಾಯ

ನಿಮ್ಮ ಅಭ್ಯಾಸದ ವಿಡಿಯೊವನ್ನು ಎರಡು ಸಲ ನೋಡಿದೆ. ಮೇಲಿನಿಂದ ಬರುವ ಪ್ರತಿಯೊಂದು ಹೊಡೆತಕ್ಕೂ ನೀವು ಎರಡೂ ಕತ್ತಿಗಳನ್ನು ಕತ್ತರಿಯಂತೆ ಅಡ್ಡಹಿಡಿಯುತ್ತೀರಿ. ಆದರೂ ಪೆಟ್ಟು ಏಕೆ ಬೀಳುತ್ತಿದೆ ಎಂದು ಕೇಳಿದ್ದೀರಿ. ಎರಡು ವರ್ಷ ನಾನೂ ಹೀಗೆಯೇ ತಡೆಯುತ್ತಿದ್ದೆ.

ಹಾಗೆ ತಡೆದಾಗ ಎದುರಾಳಿಯ ಒಂದೇ ಕತ್ತಿ ನಿಮ್ಮ ಎರಡನ್ನೂ ಕಟ್ಟಿಹಾಕುತ್ತದೆ. ಒಮ್ಮೆ ನನ್ನ ಜೊತೆಗಾರ, ಕೂಡಿದ ಅಲಗುಗಳನ್ನು ಅಲ್ಲಿಯೇ ಕೆಳಕ್ಕೊತ್ತಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತನ್ನ ಮರದ ಕತ್ತಿಯನ್ನು ನನ್ನ ಎಡ ಹೆಬ್ಬೆರಳಿನವರೆಗೆ ಜಾರಿಸಿದ; ಆರು ವಾರ ನನಗೆ ಹಿಡಿ ಬಿಗಿಹಿಡಿಯಲಾಗಲಿಲ್ಲ. ಜಪಾನಿನ ಎರಡು ಕತ್ತಿಗಳ ವರಸೆಯಲ್ಲಿಯೂ ಈ ತಡೆ ಇದೆ, ನಿಜ; ಆದರೆ ತಾಗಿದೊಡನೆ ಒಂದು ಅಲಗು ಬಿಡಿಸಿಕೊಂಡು ಹೊಡೆತಕ್ಕೆ ಹೊರಡದಿದ್ದರೆ ಅದರಿಂದ ಪ್ರಯೋಜನವಿಲ್ಲ. ನಿಮ್ಮ ಕತ್ತಿಗಳು ಅಲ್ಲಿಯೇ ನಿಂತುಬಿಡುತ್ತಿವೆ.

ನನ್ನನ್ನು ತಿದ್ದಿದ್ದು ಎಡಗೈ ಅಭ್ಯಾಸ. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯಲ್ಲಿ ಗಿಡ್ಡ ಕತ್ತಿ ಮಾತ್ರ ಹಿಡಿದು, ದಿನಕ್ಕೆ ಹದಿನೈದು ನಿಮಿಷದಂತೆ ಒಂದು ತಿಂಗಳು ಜೊತೆಗಾರನ ಅಲಗನ್ನು ಮುಟ್ಟಿ ಅದರ ದಾರಿಯನ್ನು ಮುಚ್ಚುವುದೊಂದನ್ನೇ ಮಾಡಿದೆ. ಈ ಅಭ್ಯಾಸದಲ್ಲಿ ಹೊಡೆಯಲು ಹೋಗಲೇಬಾರದು. ಆಮೇಲೆ ಎರಡೂ ಕತ್ತಿ ಹಿಡಿದಾಗ, ಎಡಗೈ ದಾರಿ ಮುಚ್ಚುವ ಕ್ಷಣದಲ್ಲಿಯೇ ಬಲಗೈ ಹೊಡೆಯಬೇಕು. ಒಂದಾದ ಮೇಲೊಂದು ಎಂದಾದರೆ ಒಂಟಿ ಕತ್ತಿಯವನೇ ನಿಮಗಿಂತ ಚುರುಕು. ಬಲಗೈಗೂ ಪ್ರತ್ಯೇಕ ಅಭ್ಯಾಸ ಬೇಕು: ಜಪಾನಿನ ಹೆಸರಾಂತ ಕತ್ತಿವೀರ ಮಿಯಾಮೊಟೊ ಮುಸಾಶಿ ಎರಡು ಕತ್ತಿ ಹಿಡಿಸಿದ್ದಕ್ಕೆ ಕೊಟ್ಟ ಒಂದು ಕಾರಣವೇ ಉದ್ದ ಕತ್ತಿಯನ್ನು ಒಂದೇ ಕೈಯಲ್ಲಿ ಆಡಿಸುವ ರೂಢಿಯಾಗಲಿ ಎಂಬುದು.

ನೀವು ಸಮಾನ ಉದ್ದದ ಎರಡು ಕತ್ತಿಗಳನ್ನು ಕೊಂಡದ್ದು ಅವಸರವಾಯಿತು. ಜಪಾನಿನ ಕತ್ತಿವರಸೆ ಕ್ರೀಡೆಯಾದ ಕೆಂಡೋದಲ್ಲಿ ಎರಡು ಶಿನಾಯ್ (ಬಿದಿರಿನ ಕತ್ತಿ) ಹಿಡಿಯುವ ವಯಸ್ಕ ಪುರುಷರಿಗೆ ಉದ್ದದ್ದು ಹೆಚ್ಚೆಂದರೆ 114 ಸೆಂ.ಮೀ., ಗಿಡ್ಡದ್ದು ಹೆಚ್ಚೆಂದರೆ 62 ಸೆಂ.ಮೀ.; ಗಿಡ್ಡ ಅಲಗಿಗೆ ನಿಮ್ಮ ಸ್ವಂತ ಬಲಗೈಯೇ ಅಡ್ಡವಾಗುವುದು ಕಡಿಮೆ. ಯುರೋಪಿನವರು ಜೋಡಿ ರೇಪಿಯರ್ (ಉದ್ದನೆಯ ಸಪೂರ ಕತ್ತಿ) ಹಿಡಿಯುತ್ತಿದ್ದರಲ್ಲವೇ ಎನ್ನಬಹುದು. ಹಿಡಿಯುತ್ತಿದ್ದರು, ಆದರೆ ಅದನ್ನು ಕಲಿಸಿದ ಇಟಲಿಯ ಕತ್ತಿವರಸೆ ಗುರು ಡಿ ಗ್ರಾಸಿಯೇ, ಎಡಗೈ ಬಲಗೈಯಷ್ಟೇ ಪಳಗದವನು ಇದರ ಗೊಡವೆಗೆ ಹೋಗಬಾರದು ಎಂದು 1570ರಲ್ಲಿ ಎಚ್ಚರಿಸಿದ್ದಾನೆ. ಅಲ್ಲಿಯೂ ಎಡಗೈಯಲ್ಲಿ ಹೆಚ್ಚಾಗಿ ಕಾಣುತ್ತಿದ್ದುದು ಬಾಕು.

ನಿಮಗೆ ಇನ್ನೊಬ್ಬರು ಫಿಲಿಪೀನ್ಸಿನ ಸಿನವಾಲಿಯನ್ನು, ಅಂದರೆ ಇಬ್ಬರು ಜೋಡಿ ಕೋಲು ಹಿಡಿದು ಮಾಡುವ ಅಭ್ಯಾಸವನ್ನು, ಸೂಚಿಸಿದ್ದಾರೆ. ಕೈಗಳ ಹೊಂದಾಣಿಕೆಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಇಬ್ಬರೂ ಒಪ್ಪಿಕೊಂಡ ತಾಳದಲ್ಲಿ ನೇಯುವ ಆ ಹೆಣಿಗೆಯನ್ನೇ ಕಾಳಗವೆಂದುಕೊಂಡರೆ, ತಾಳ ಮುರಿಯುವ ಎದುರಾಳಿಯ ಮುಂದೆ ನಿಂತುಹೋಗುತ್ತೀರಿ. ಅದಕ್ಕೆ ಬೆತ್ತದ ಕೋಲುಗಳನ್ನೇ ಬಳಸಿ. ಬೆತ್ತ ಸವೆದಾಗ ನಾರು ನಾರಾಗುತ್ತದೆ; ಗಟ್ಟಿ ಮರದ ಹಾಗೆ ಚೂಪಾದ ಚಕ್ಕೆ ಎದ್ದು ಹಾರುವುದು ಅಪರೂಪ. ಪ್ಲಾಸ್ಟಿಕ್ ಕತ್ತಿಗಳು ನನಗೆ ಹಿಡಿಸಲಿಲ್ಲ: ಅವು ಬಾಗುವುದರಿಂದ, ತಡೆ ಗಟ್ಟಿಯಾಗಿತ್ತೋ ಇಲ್ಲವೋ ಕೈಗೆ ತಿಳಿಯುವುದೇ ಇಲ್ಲ.

ವಿಡಿಯೊದಲ್ಲಿ ನಿಮ್ಮ ಎಡಗೈಗೆ ಕೈಗವಸೇ ಇರಲಿಲ್ಲ, ಇದು ಸರಿಯಲ್ಲ. ಹೆಬ್ಬೆರಳಿನ ತುದಿಯವರೆಗೆ ಗಟ್ಟಿ ಹೊದಿಕೆಯಿರುವುದನ್ನು ಎರಡೂ ಕೈಗಳಿಗೆ ತೊಡುವವರೆಗೆ ದಯವಿಟ್ಟು ವೇಗದ ಆಟ ಆಡಬೇಡಿ.