1800ರ ಅಮೆರಿಕ ಚುನಾವಣೆ: ಎಲೆಕ್ಟರ್‌ಗಳು 138, ಮತ 276 ಹೇಗೆ?
ಆ ಚುನಾವಣೆಯ ಪಟ್ಟಿ ಮಾಡುವಾಗ ಎಲೆಕ್ಟರ್‌ಗಳು (ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು) 138 ಇದ್ದರೂ ಮತ ಕೂಡಿದರೆ 276 ಬರುತ್ತದಲ್ಲ ಎಂದು ಕೇಳಿದ್ದೀರಿ. ನಿಮ್ಮ ಕೂಡಿಕೆ ಸರಿಯಾಗೇ ಇದೆ. ಆಗ ಪ್ರತಿ ಎಲೆಕ್ಟರ್‌ಗೂ ಎರಡು ಮತ, ಎರಡೂ ಅಧ್ಯಕ್ಷ ಸ್ಥಾನಕ್ಕೇ. ಅಭ್ಯರ್ಥಿಗಳಿಗೆ ಬಿದ್ದ ಮತ ಜೆಫರ್ಸನ್ 73, ಬರ್ 73, ಆಡಮ್ಸ್ 65, ಪಿಂಕ್ನಿ 64, ಜೇ 1 ಕೂಡಿ, ಅರ್ಧ ಮಾಡಿ: 138. ಬಹುಮತಕ್ಕೆ ಈ 138ನ್ನೇ ಹಿಡಿಯಿರಿ, ಅಂದರೆ 70. ನೀವು ಬಹುಶಃ 276ರ ಅರ್ಧ ಹಿಡಿದು 139 ಬೇಕೆಂದುಕೊಂಡಿರಿ, ಎಡವಟ್ಟಾಗುವುದು ಅಲ್ಲೇ.

ಜೇಗೆ ಬಿದ್ದ ಒಂದು ಮತ ಅಚ್ಚಿನ ತಪ್ಪೆಂದು ಅಳಿಸಬೇಡಿ. ಒಂದೇ ಪಕ್ಷದ ಆಡಮ್ಸ್, ಪಿಂಕ್ನಿ ಸಮವಾಗದಂತೆ ರೋಡ್ ಐಲೆಂಡಿನ ಎಲೆಕ್ಟರೊಬ್ಬರು ಬೇರೆ ಕಡೆ ಹಾಕಿದ್ದು ಅದು. ಜೆಫರ್ಸನ್, ಬರ್ ಕಡೆಯವರಿಗೆ ಅಷ್ಟೂ ಮಾಡಲಾಗಲಿಲ್ಲ!

ಜೆಫರ್ಸನ್, ಬರ್ ಸಮವಾದ್ದರಿಂದ ಆಯ್ಕೆ ಸಂಸತ್ತಿನ ಪ್ರತಿನಿಧಿ ಸಭೆಗೆ ಹೋಯಿತು. ನಿಮ್ಮ ಪಟ್ಟಿಯ ಮುಂದಿನ ಸಾಲು ಅದರದು: 16 ರಾಜ್ಯ, ರಾಜ್ಯಕ್ಕೊಂದೇ ಮತ, ಗೆಲ್ಲಲು 9. 1801ರ ಫೆಬ್ರವರಿ 17ರಂದು, 36ನೇ ಸುತ್ತಿನಲ್ಲಿ ಜೆಫರ್ಸನ್ 10, ಬರ್ 4, ಖಾಲಿ 2. 1804ರಲ್ಲಿ ಸಂವಿಧಾನದ 12ನೇ ತಿದ್ದುಪಡಿ ಬಂದು, ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಬೇರೆ ಬೇರೆ ಮತ ಎಂದಾಯಿತು. ಅಲ್ಲಿಂದಾಚೆಗೆ ಉಪಾಧ್ಯಕ್ಷರಿಗೆ ಬೇರೆ ಕಾಲಂ ಹಾಕಿ.