ಎಚ್‌ಡಿ ಡಿವಿಡಿ ತಗೊಳ್ಳೋದಾ, ಬ್ಲೂ-ರೇ ತಗೊಳ್ಳೋದಾ?

ಹಳೆ ಎಚ್‌ಡಿ ಡಿವಿಡಿ ಪ್ಲೇಯರ್ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ, ಬ್ಲೂ-ರೇ ತಗೊಳ್ಳಿ. ಎರಡೂ ಡಿವಿಡಿಗಿಂತ ಸ್ಪಷ್ಟವಾಗಿ ಸಿನಿಮಾ ತೋರಿಸುವ ಡಿಸ್ಕ್‌ಗಳು; ಇವುಗಳ ಪೈಪೋಟಿಯಲ್ಲಿ ಗೆದ್ದದ್ದು ಬ್ಲೂ-ರೇ.

ಚಿತ್ರದ ಗುಣಮಟ್ಟ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಒಂದು ಪದರದಲ್ಲಿ ಬ್ಲೂ-ರೇ 25 ಜಿಬಿ ಹಿಡಿಸುತ್ತದೆ, ಎಚ್‌ಡಿ ಡಿವಿಡಿ 15. ಆದರೆ ಗೆಲುವು ಬರೀ ಇದರಿಂದ ಬಂದದ್ದಲ್ಲ. ಸೋನಿ ಪ್ಲೇಸ್ಟೇಷನ್ 3ರೊಳಗೇ ಬ್ಲೂ-ರೇ ಇಟ್ಟು ಮಾರಿತು. ಆಟಕ್ಕೆಂದು ಕೊಂಡವರ ಮನೆಗೂ ಪ್ಲೇಯರ್ ಬಂದುಬಿಟ್ಟಿತು! 2008ರ ಜನವರಿಯಲ್ಲಿ ಸಿನಿಮಾ ಕಂಪನಿ ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆ ವಾಲಿತು. ಮುಂದಿನ ತಿಂಗಳೇ ಎಚ್‌ಡಿ ಡಿವಿಡಿಯ ಮುಖ್ಯ ಕಂಪನಿ ತೋಷಿಬಾ ಅದನ್ನು ಕೈಬಿಟ್ಟಿತು. ಹೊಸ ಡಿಸ್ಕೇ ಬರದಿದ್ದರೆ ಪ್ಲೇಯರ್ ಸುಮ್ನೆ ಕೂತಿರುತ್ತದೆ, ಅಲ್ವಾ?

ಅಮೆರಿಕದಿಂದ ಯಾರಾದರೂ ಬ್ಲೂ-ರೇ ಡಿಸ್ಕ್ ತಂದುಕೊಡುವುದಾದರೆ ರೀಜನ್ (ಯಾವ ದೇಶಗಳ ಪ್ಲೇಯರ್‌ಗೆ ಎಂಬ ಗುರುತು) ನೋಡಿಕೊಳ್ಳಿ. ಅಲ್ಲಿಯದು ಎ, ನಮ್ಮದು ಸಿ. ಎ ರೀಜನ್‌ಗೆ ಲಾಕ್ ಆದ ಡಿಸ್ಕ್ ಇಲ್ಲಿನ ಮಾಮೂಲಿ ಪ್ಲೇಯರ್‌ನಲ್ಲಿ ಓಡುವುದಿಲ್ಲ.