ಗ್ರ್ಯಾವೆಲ್ ರೇಸಿಗೆ ಮೌಂಟನ್ ಬೈಕ್ ಟೈರ್ ಹಾಕಬಹುದೇ? ಹಾಕುವುದಾದರೆ ಯಾವುದು?

ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ ಜಲ್ಲಿ (ಗ್ರ್ಯಾವೆಲ್) ರಸ್ತೆಗಳ ಮೇಲೆ ನಡೆಯುವ ಅನ್‌ಬೌಂಡ್ ಸೈಕಲ್ ರೇಸಿನ 200 ಮೈಲಿ ವಿಭಾಗಕ್ಕೆ ನೀವು ಹೆಸರು ಕೊಟ್ಟಿದ್ದೀರಿ. ಈಗಿರುವ 45 ಮಿ.ಮೀ. ಗ್ರ್ಯಾವೆಲ್ ಟೈರ್ ತೆಗೆದು 2.2 ಇಂಚಿನ ಮೌಂಟನ್ ಬೈಕ್ ಟೈರ್ ಹಾಕಿದರೆ ವೇಗ ಕುಗ್ಗೀತೇ ಎಂಬುದು ನಿಮ್ಮ ಸಂದೇಹ. ಫ್ರೇಮಿನಲ್ಲಿ ಜಾಗವಿದ್ದರೆ ಧೈರ್ಯವಾಗಿ ಹಾಕಿ ಎಂದೇ ನಾನು ಹೇಳುತ್ತೇನೆ. ಆದರೆ ಎಲ್ಲ ಮೌಂಟನ್ ಬೈಕ್ ಟೈರ್‌ಗಳೂ ಈ ಕೆಲಸಕ್ಕೆ ಒದಗುವುದಿಲ್ಲ; ಕ್ರಾಸ್ ಕಂಟ್ರಿ ರೇಸಿಗೆಂದು ತಯಾರಾಗುವ ಬೆರಳೆಣಿಕೆಯ ಟೈರ್‌ಗಳು ಮಾತ್ರ ಜಲ್ಲಿ ರಸ್ತೆಯಲ್ಲಿ ನಿಜಕ್ಕೂ ವೇಗವಾಗಿ ಉರುಳುತ್ತವೆ.

ಅಗಲವಾದ ಟೈರ್ ನಿಧಾನ ಎಂಬ ನಂಬಿಕೆ ಬಹಳ ಹಳೆಯದು. ಟೈರ್ ಉರುಳುವಾಗ ಅದರ ಕೇಸಿಂಗ್ (ರಬ್ಬರಿನ ಒಳಗಿನ ನೂಲಿನ ಹಂದರ) ಮತ್ತು ರಬ್ಬರ್ ಪ್ರತಿ ಸುತ್ತಿನಲ್ಲೂ ಬಾಗಿ ಮತ್ತೆ ನೆಟ್ಟಗಾಗುತ್ತವೆ, ಬಾಗಿಸಲು ನೀವು ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ಈ ನಷ್ಟ ಎಷ್ಟೆಂಬುದನ್ನು ಅಗಲಕ್ಕಿಂತ ಹೆಚ್ಚಾಗಿ ಕೇಸಿಂಗಿನ ತೆಳುವು, ರಬ್ಬರಿನ ಮಿಶ್ರಣ ಮತ್ತು ನಡುಭಾಗದ ಗುಬುಟುಗಳ ಎತ್ತರ ನಿರ್ಧರಿಸುತ್ತವೆ. ನೆಲ ಒರಟಾದಷ್ಟೂ ಎರಡನೆಯ ನಷ್ಟವೊಂದು ದೊಡ್ಡದಾಗುತ್ತದೆ: ಗಟ್ಟಿಯಾಗಿ ಗಾಳಿ ತುಂಬಿದ ಟೈರ್ ಪ್ರತಿ ಕಲ್ಲಿಗೂ ಪುಟಿದಾಗ ಮುಂದಕ್ಕೆ ಹೋಗಬೇಕಾದ ಶಕ್ತಿ ಮೇಲಕ್ಕೆ ಹೋಗಿ, ಕೊನೆಗೆ ನಿಮ್ಮ ತೋಳು, ಬೆನ್ನುಗಳಲ್ಲಿ ನಡುಕವಾಗಿ ಕರಗುತ್ತದೆ. ಅಗಲವಾದ ಟೈರಿನಲ್ಲಿ ರಿಮ್ಮಿಗೆ ಪೆಟ್ಟಾಗದಂತೆ ಒತ್ತಡವನ್ನು ಇಳಿಸಬಹುದಾದ್ದರಿಂದ ಈ ನಷ್ಟ ತಗ್ಗುತ್ತದೆ.

‘ಬೈಸಿಕಲ್ ರೋಲಿಂಗ್ ರೆಸಿಸ್ಟೆನ್ಸ್’ ಜಾಲತಾಣದವರು ಪ್ರತಿ ಟೈರಿನ ಮೇಲೂ 42.5 ಕೆ.ಜಿ. ಭಾರ ಹೇರಿ, ಗಂಟೆಗೆ ಸುಮಾರು 29 ಕಿ.ಮೀ. ವೇಗದಲ್ಲಿ ಉಬ್ಬುತಗ್ಗಿರುವ ಉರುಳೆಯ ಮೇಲೆ ಓಡಿಸಿ ಅಳೆಯುತ್ತಾರೆ. ಆ ಪಟ್ಟಿಯಲ್ಲಿ ಕಾಂಟಿನೆಂಟಲ್ ಕಂಪನಿಯ ಮೌಂಟನ್ ಬೈಕ್ ಟೈರಾದ ರೇಸ್ ಕಿಂಗ್ ಪ್ರೊಟೆಕ್ಷನ್ 2.2ರ ಪ್ರತಿರೋಧವು ಗ್ರ್ಯಾವೆಲ್‌ಗೆಂದೇ ಮಾರುವ ಹಲವು ಟೈರ್‌ಗಳಿಗಿಂತ ಕಡಿಮೆಯಿದೆ. ಅಮೆರಿಕದ ತರಬೇತುದಾರ ಮತ್ತು ರೇಸರ್ ಡಿಲನ್ ಜಾನ್ಸನ್ ತಮ್ಮ ವಿಡಿಯೊಗಳಲ್ಲಿ ಗ್ರ್ಯಾವೆಲ್ ರೇಸಿಗೂ ಇಂಥ ಟೈರ್‌ಗಳೇ ಮೇಲು ಎಂದು ವಾದಿಸಲು ಆಧಾರವಾದದ್ದು ಇಂಥ ಅಳತೆಗಳೇ. ಉರುಳೆಯ ಪರೀಕ್ಷೆಯಲ್ಲಿ ಸವಾರನ ಮೈ ನಡುಗುವ ನಷ್ಟ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ನಿಜವಾದ ರಸ್ತೆಯಲ್ಲಿ ಅಗಲ ಟೈರಿನ ಲಾಭ ಅಲ್ಲಿ ಕಾಣುವುದಕ್ಕಿಂತ ಹೆಚ್ಚೇ ಇರುತ್ತದೆಂದು ನನ್ನ ಎಣಿಕೆ.

ಕೊಳ್ಳುವಾಗ ಹೆಸರನ್ನು ಪೂರ್ತಿಯಾಗಿ ಓದಿ. ರೇಸ್ ಕಿಂಗ್ ಎಂಬ ಒಂದೇ ಹೆಸರಿನಲ್ಲಿ ಬ್ಲ್ಯಾಕ್‌ಚಿಲಿ ರಬ್ಬರಿನ ಪ್ರೊಟೆಕ್ಷನ್ ಕೂಡ ಇದೆ, ಪ್ಯೂರ್‌ಗ್ರಿಪ್ ರಬ್ಬರಿನ ಅಗ್ಗದ ಟೈರ್ ಕೂಡ ಇದೆ. ಎರಡರ ಗುಬುಟುಗಳ ವಿನ್ಯಾಸ ಒಂದೇ ಆಗಿದ್ದರೂ ಉರುಳುವ ರೀತಿ ಬೇರೆ, ಮೇಲೆ ಹೊಗಳಿದ್ದು ಮೊದಲನೆಯದನ್ನು ಮಾತ್ರ. ಶ್ವಾಲ್ಬೆ ಥಂಡರ್ ಬರ್ಟ್‌ನಲ್ಲಿಯೂ ಹೀಗೆಯೇ: ಸೂಪರ್ ರೇಸ್ ಕೇಸಿಂಗ್ ಹಗುರ ಮತ್ತು ಚುರುಕು, ಸೂಪರ್ ಗ್ರೌಂಡ್ ತುಸು ಭಾರವಾದರೂ ಗಟ್ಟಿ. ವಿಟ್ಟೋರಿಯಾ ಮೆಜ್ಕಾಲ್ ಇವೆರಡಕ್ಕಿಂತ ಬಾಳಿಕೆಯದು, ಟೂರ್ ಡಿವೈಡ್‌ನಂಥ ಅತಿದೂರದ ಸವಾರಿಯವರು ಅದನ್ನು ಮೆಚ್ಚುವುದೂ ಅದಕ್ಕೇ.

ರೇಸ್ ಸಾಗುವ ಫ್ಲಿಂಟ್ ಹಿಲ್ಸ್ ಗುಡ್ಡಗಳ ಸುಣ್ಣಕಲ್ಲಿನ ನಡುವೆ ಚಕಮಕಿ ಕಲ್ಲಿನ ಪದರಗಳಿವೆ. ನೇಗಿಲಿಗೆ ಬಗ್ಗದ ಆ ನೆಲ ಇಂದಿಗೂ ಹುಲ್ಲುಗಾವಲಾಗಿ ಉಳಿದಿರುವುದಕ್ಕೂ, ಅಲ್ಲಿನ ರಸ್ತೆಯ ಚೂರುಗಳು ಟೈರಿನ ಪಕ್ಕೆಯನ್ನು ಕೊಯ್ಯುವುದಕ್ಕೂ ಆ ಕಲ್ಲೇ ಕಾರಣ. ಪಕ್ಕೆ ಸೀಳಿದರೆ ಸೀಲಂಟ್ (ಸಣ್ಣ ತೂತು ಮುಚ್ಚಲು ಟೈರಿನೊಳಗೆ ಸುರಿಯುವ ದ್ರವ) ನಿಲ್ಲುವುದಿಲ್ಲ. ಆದ್ದರಿಂದ ಎಂಪೋರಿಯಾಗೆ ನಾನು ಹಿಂದಕ್ಕೂ ಮುಂದಕ್ಕೂ ರೇಸ್ ಕಿಂಗ್ ಪ್ರೊಟೆಕ್ಷನ್ ಆರಿಸುತ್ತೇನೆ; ಥಂಡರ್ ಬರ್ಟ್ ಬೇಕೆಂದರೆ ಹಿಂದಿನ ಚಕ್ರಕ್ಕಾದರೂ ಸೂಪರ್ ಗ್ರೌಂಡ್ ಇರಲಿ. ಇಂಥ ಟೈರ್‌ಗಳಿಂದ ತುಸು ಹೆಚ್ಚುವ ತೂಕ ಈ ರೇಸಿನಲ್ಲಿ ಗಣನೆಗೆ ಬರುವಂಥದ್ದಲ್ಲ. ನಯವಾದ ಮಣ್ಣುರಸ್ತೆಯೇ ಹೆಚ್ಚಿರುವ, ಗುಂಪಿನ ವೇಗ ಗಂಟೆಗೆ 35 ಕಿ.ಮೀ. ದಾಟುವ ಚಿಕ್ಕ ರೇಸಾದರೆ ಮಾತು ಬೇರೆ: ಅಲ್ಲಿ ಅಗಲ ಟೈರಿಗೆ ಗಾಳಿಯ ತಡೆ ಹೆಚ್ಚು, ನಿಮ್ಮ 45 ಮಿ.ಮೀ. ಟೈರೇ ಸಾಕು.

ಇನ್ನು ಜಾಗದ ಮಾತು. 29 ಇಂಚಿನ ಮೌಂಟನ್ ಬೈಕ್ ಟೈರಿಗೂ 700ಸಿ ಗ್ರ್ಯಾವೆಲ್ ಟೈರಿಗೂ ರಿಮ್ಮಿನ ಅಳತೆ ಒಂದೇ, 622 ಮಿ.ಮೀ.; ಹಾಗಾಗಿ ನಿಮ್ಮ ಚಕ್ರಕ್ಕೆ ಟೈರ್ ಕೂರುವುದೇನೋ ಖಚಿತ, ಫ್ರೇಮಿಗೆ ಹಿಡಿಸುತ್ತದೆಯೇ ಎಂಬುದೇ ಪ್ರಶ್ನೆ. 2.2 ಇಂಚು ಎಂದರೆ ಸುಮಾರು 56 ಮಿ.ಮೀ., ಎರಡೂ ಬದಿಗೆ ಕನಿಷ್ಠ 5 ಮಿ.ಮೀ. ಬಿಟ್ಟರೆ ಚೈನ್‌ಸ್ಟೇಗಳ (ಹಿಂದಿನ ಚಕ್ರದ ಎರಡೂ ಬದಿಯ ಫ್ರೇಮ್ ಕೊಳವೆಗಳ) ನಡುವೆ 66 ಮಿ.ಮೀ. ಬೇಕು. ಮುಂದಿನ ಫೋರ್ಕಿನಲ್ಲಿ ಸಾಮಾನ್ಯವಾಗಿ ಹೆಚ್ಚು ಜಾಗವಿರುವುದರಿಂದ, ಹಿಂದೆ ಹಿಡಿಸದಿದ್ದರೆ ಮುಂದೆ ಮಾತ್ರ 2.2 ಹಾಕುವುದು ಒಳ್ಳೆಯ ರಾಜಿ. ಎಳೆದು ಬಿಗಿದು ತೂರಿಸುವ ಗೋಜಿಗೆ ಮಾತ್ರ ಹೋಗಬೇಡಿ. 2023ರಲ್ಲಿ ಮಳೆ ಬಿದ್ದು, ಓಟ ಆರಂಭವಾದ ಸ್ವಲ್ಪ ಹೊತ್ತಿಗೇ ಬಂದ ಅಂಟು ಕೆಸರಿನಲ್ಲಿ ಚಕ್ರಗಳು ಫ್ರೇಮಿಗೆ ಕಚ್ಚಿಕೊಂಡು ಅನೇಕರು ಸೈಕಲ್ ಹೊತ್ತು ನಡೆಯಬೇಕಾಯಿತು.

ಒತ್ತಡದ ವಿಷಯದಲ್ಲಿ, 75 ಕೆ.ಜಿ. ತೂಕದ ಸವಾರರು ಒಳಗಲ 25 ಮಿ.ಮೀ. ಇರುವ ರಿಮ್ಮಿನಲ್ಲಿ ಮುಂದೆ 20, ಹಿಂದೆ 22 ಪಿಎಸ್‌ಐನಿಂದ ಆರಂಭಿಸಿ ಒಂದೊಂದೇ ಪಿಎಸ್‌ಐ ಬದಲಿಸಿ ನೋಡಬಹುದು. ರಿಮ್ಮಿಗೆ ಕಲ್ಲು ತಗುಲುವ ಸದ್ದು ಕೇಳಿದರೆ ಏರಿಸಿ. ಸೀಲಂಟ್ ತಲಾ 100 ಮಿ.ಲೀ. ಸುರಿಯಿರಿ, ತೂತಿಗೆ ತುರುಕುವ ಪ್ಲಗ್‌ಗಳ ಜೊತೆಗೆ ಪಕ್ಕೆ ಸೀಳಿದರೆ ಒಳಗಿಡಲು ಒಂದು ತೇಪೆ ತುಂಡೂ ಜೇಬಿನಲ್ಲಿರಲಿ. ಚಕ್ರದ ವ್ಯಾಸ ಶೇ 3ರಷ್ಟು ಹೆಚ್ಚಿ ಗೇರ್ ಅಷ್ಟೇ ಭಾರವಾಗುವುದರಿಂದ ಏರುಗಳಲ್ಲಿ ಕಷ್ಟವೆನಿಸಿದರೆ ಮುಂದಿನ ಚೈನ್‌ರಿಂಗಿನಲ್ಲಿ (ಪೆಡಲಿನ ಹಲ್ಲುಚಕ್ರದಲ್ಲಿ) ಎರಡು ಹಲ್ಲು ಇಳಿಸಿಕೊಳ್ಳಿ. ಹೊಸ ಟೈರ್ ಗಾಳಿ ತುಂಬಿದ ಮೇಲೆ ಒಂದೆರಡು ದಿನಗಳಲ್ಲಿ ಹಿಗ್ಗಿ ತುಸು ಅಗಲವಾಗುವುದುಂಟು. ಆದ್ದರಿಂದ ಫ್ರೇಮಿನ ಜಾಗವನ್ನು ಹಾಕಿದ ದಿನವಲ್ಲದೆ, ಆಮೇಲೂ ಒಮ್ಮೆ ಅಳೆದು ನೋಡಿ.